ಚಳಿ ಹೋಗುವುದು ಯಾವಾಗ, ಮಲ್ಲಿಗೆ ಚಿಗುರುವುದು ಯಾವಾಗ?

ತಾರಸಿತೋಟ (ಕುವೆಂಪುನಗರ, ಮೈಸೂರು) · ಫೆಬ್ರವರಿ 3, 2026, ಬೆಳಿಗ್ಗೆ 7:52

ಎಲ್ಲರಿಗೂ ನಮಸ್ಕಾರ. ಇದು ಪ್ರಶ್ನೆಯೋ ಗೋಳೋ ಓದಿ ನೀವೇ ತೀರ್ಮಾನ ಮಾಡಿ.

ರಥಸಪ್ತಮಿ ಕಳೆದು ವಾರದ ಮೇಲಾಯಿತು. ಅಂದಿನಿಂದ ಬಿಸಿಲು ಏರುತ್ತದೆ ಅಂತ ನಮ್ಮತ್ತೆ ಪ್ರತಿ ವರ್ಷ ಹೇಳುತ್ತಾರೆ. ಮಧ್ಯಾಹ್ನವೇನೋ ಏರಿದೆ, ತಾರಸಿಯಲ್ಲಿ ಬರಿಗಾಲಲ್ಲಿ ನಿಲ್ಲಲು ಆಗಲ್ಲ. ಬೆಳಿಗ್ಗೆ ಮಾತ್ರ ಅದೇ ಮಾಗಿ ಚಳಿ, ಅದೇ ಇಬ್ಬನಿ. ಸ್ವೆಟರ್ ಹಾಕಿಕೊಂಡು ಗಿಡಕ್ಕೆ ನೀರು ಹಾಕುತ್ತಿದ್ದೇನೆ. ಡಿಸೆಂಬರ್ ಕೊನೆಯಲ್ಲಿ ಸವರಿದ ದುಂಡು ಮಲ್ಲಿಗೆ ಇನ್ನೂ ಬೋಳು ಕಡ್ಡಿಯಾಗಿಯೇ ನಿಂತಿದೆ. ಹೊತ್ತು ಹೊತ್ತಿಗೂ ಹೋಗಿ ನೋಡಿ ಬರುತ್ತೇನೆ. "ನಿನ್ನ ದೃಷ್ಟಿಯೇ ತಾಗಿದೆ, ಮೊದಲು ಅದಕ್ಕೆ ನಿವಾಳಿಸು" ಅಂತ ಮನೆಯವರು ರೇಗಿಸುತ್ತಾರೆ.

ಇನ್ನೊಂದು ಕಡೆ ಬೀಜದ ಡಬ್ಬಿ. ಹಾಗಲ, ಹೀರೆ, ಪಡವಲ, ಬೆಂಡೆ, ಸೌತೆ, ಎಲ್ಲ ಪೊಟ್ಟಣ ಕಟ್ಟಿ ಹೆಸರು ಬರೆದು ಇಟ್ಟಿದ್ದೇನೆ. ಕೈ ಸುಮ್ಮನಿರುತ್ತಿಲ್ಲ. ಈಗಲೇ ಹಾಕಿಬಿಡಲೇ, ಶಿವರಾತ್ರಿವರೆಗೂ ಕಾಯಲೇ? ಮಲ್ಲಿಗೆಗೆ ಒಂದು ಚಿಟಿಕೆ ಯೂರಿಯಾ ಕೊಟ್ಟರೆ ಬೇಗ ಏಳುತ್ತದಾ? ಸುಮ್ನೆ ಕೂರಿ ಅಂತ ಮಾತ್ರ ಹೇಳಬೇಡಿ, ಅದು ನನ್ನ ಕೈಲಿ ಆಗಲ್ಲ.

ಸುಮ್ನೆ_ಓದುವವ · 8:03

ಸುಮ್ನೆ ಕೂರಿ ಅಕ್ಕ.

ನಿವೃತ್ತ_ಮೇಷ್ಟ್ರು (ಸರಸ್ವತಿಪುರಂ) · 8:40

ಯೂರಿಯಾ ಬೇಡಮ್ಮ. ಕೊಟ್ಟರೆ ಏಳುತ್ತದೆ, ಏಳದೆ ಏನು. ಆದರೆ ಏಳುವುದು ಬರೀ ಸೊಪ್ಪು. ಉದ್ದುದ್ದ ಬಳ್ಳಿಯಂಥ ಕೊಂಬೆ ಬಿಟ್ಟು, ಏಪ್ರಿಲ್‌ನಲ್ಲಿ ಎಲ್ಲರ ಮನೆ ಮಲ್ಲಿಗೆ ಬಿರಿಯುವಾಗ ನಿಮ್ಮದು ಹಸಿರಾಗಿ ನಿಂತಿರುತ್ತದೆ.

ದುಂಡು ಮಲ್ಲಿಗೆ ಮೊಗ್ಗು ಕಟ್ಟುವುದು ಹೊಸ ಚಿಗುರಿನ ತುದಿಯಲ್ಲಿ. ಸವರುವುದೇ ಅದಕ್ಕಾಗಿ. ಸವರಿದ ಮೇಲೆ ಚಿಗುರು ಬರಬೇಕು, ಚಿಗುರು ಬಲಿಯಬೇಕು, ಆಮೇಲೆ ಮೊಗ್ಗು. ಹೂವಿನ ತೋಟದವರೂ ನವೆಂಬರ್ ಕೊನೆಯಿಂದ ಡಿಸೆಂಬರ್ ಒಳಗೆ ಸವರಿ, ಮಾರ್ಚ್‌ನಿಂದ ಹೂ ಕೀಳುವ ಲೆಕ್ಕ ಹಾಕುತ್ತಾರೆ. ನೀವು ಸವರಿದ್ದೇ ಡಿಸೆಂಬರ್ ಕೊನೆಗೆ. ಈಗ ಫೆಬ್ರವರಿ 3. ಗಿಡ ಏನೂ ತಡ ಮಾಡಿಲ್ಲ.

ಜೀವ ಇದೆಯೋ ಇಲ್ಲವೋ ಅಂತ ಅನುಮಾನ ಇದ್ದರೆ ಉಗುರಿನಿಂದ ತೊಗಟೆಯನ್ನು ಸ್ವಲ್ಪ ಗೀರಿ. ಒಳಗೆ ಹಸಿರಾಗಿ ಒದ್ದೆಯಾಗಿ ಕಂಡರೆ ಚಿಂತೆ ಇಲ್ಲ. ಕಂದು ಬಣ್ಣ, ಒಣಗಿದ ಪುಡಿ ಬಂದರೆ ಆ ಕಡ್ಡಿ ಹೋಯಿತು, ಹಸಿರು ಸಿಗುವವರೆಗೂ ಕೆಳಗೆ ಕತ್ತರಿಸಿ. ಹಳೆ ಎಲೆ ಇದ್ದ ಗೆಣ್ಣಿನ ಜಾಗ ಹತ್ತಿರದಿಂದ ನೋಡಿ. ಎಲೆಯ ಗಾಯದ ನೇರ ಮೇಲೆ ಸಾಸಿವೆಗಿಂತ ಚಿಕ್ಕದಾಗಿ ಒಂದು ಗಂಟು ಉಬ್ಬಿರುತ್ತದೆ, ತುದಿ ಸ್ವಲ್ಪ ಕೆಂಪಗೆ. ಕನ್ನಡಕ ಹಾಕಿಕೊಂಡೇ ನೋಡಬೇಕು.

ತಾರಸಿತೋಟ · 9:15

ಮೇಷ್ಟ್ರೇ, ಈಗಲೇ ಹೋಗಿ ಗೀರಿ ಬಂದೆ. ಹಸಿರು ಇದೆ! ಎರಡು ಕಡ್ಡಿಯಲ್ಲಿ ಆ ಗಂಟೂ ಇದ್ದಂತಿದೆ, ಅಥವಾ ನನ್ನ ಆಸೆಗೆ ಹಾಗೆ ಕಂಡಿತೋ ಏನೋ.

ಪಾಂಡವಪುರ_ಬಯಲು · 9:31

ಅಕ್ಕಾ, ದಿನಾ ಗೀರಬೇಡಿ. ಗಿಡದ ಚರ್ಮ ಸುಲಿದು ಹೋಗುತ್ತದೆ.

ಹೊಂಗೆನೆರಳು (ಮಂಡ್ಯ) · 10:02

ಬೀಜದ ವಿಷಯಕ್ಕೆ ಬರೋಣ. ಇಲ್ಲಿ ಎಲ್ಲರೂ ಶಿವರಾತ್ರಿ ಶಿವರಾತ್ರಿ ಅನ್ನುತ್ತಾರೆ. "ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಓಡಿಹೋಗುತ್ತದೆ" ಅಂತ ನಮ್ಮಜ್ಜನೂ ಹೇಳುತ್ತಿದ್ದರು. ಸರಿ, ಯಾವ ಶಿವರಾತ್ರಿ? 2024ರಲ್ಲಿ ಮಾರ್ಚ್ 8ಕ್ಕೆ ಬಂತು. ಹೋದ ವರ್ಷ ಫೆಬ್ರವರಿ 26. ಈ ವರ್ಷ ಫೆಬ್ರವರಿ 15. ಮೂರು ವರ್ಷದಲ್ಲಿ ಮೂರು ವಾರ ಹಿಂದಕ್ಕೆ ಬಂದಿದೆ. ಚಳಿಯೂ ಪಂಚಾಂಗ ನೋಡಿಕೊಂಡು ಹೊರಡುತ್ತದಾ? ಗಿಡಕ್ಕೆ ಬೇಕಾದ್ದು ಮಣ್ಣಿನ ಬಿಸಿ. ಅಷ್ಟೇ.

ನಿವೃತ್ತ_ಮೇಷ್ಟ್ರು · 10:20

ಅಜ್ಜನ ಮಾತನ್ನು ಅಷ್ಟು ಸುಲಭವಾಗಿ ಹೊಡೆದುಹಾಕಬೇಡಿ ಮಾರಾಯರೇ. ಹಬ್ಬ ಚಂದ್ರನ ಲೆಕ್ಕ, ಹಿಂದೆ ಮುಂದೆ ಆಗುತ್ತದೆ ನಿಜ. ಅದಕ್ಕೇ ಅಧಿಕ ಮಾಸ ಸೇರಿಸಿ ಸರಿ ಮಾಡುವುದು. ಈ ಯುಗಾದಿ ಆದ ಮೇಲೆ ಅಧಿಕ ಜ್ಯೇಷ್ಠ ಬರುತ್ತದೆ, ಮುಂದಿನ ವರ್ಷ ಯುಗಾದಿ ಮತ್ತೆ ಏಪ್ರಿಲ್ 7ಕ್ಕೆ ಹೋಗುತ್ತದೆ. ಆದರೆ ರೈತರು ಬಿತ್ತನೆಗೆ ಹಿಡಿಯುವುದು ಮಳೆ ನಕ್ಷತ್ರ. ಅದು ಸೂರ್ಯನ ಲೆಕ್ಕ. ಅಶ್ವಿನಿ ಮಳೆ ಯಾವ ವರ್ಷ ನೋಡಿದರೂ ಏಪ್ರಿಲ್ ನಡುವಿಗೇ. ನಿಮ್ಮ ಅಜ್ಜನಿಗೂ ಇದು ಗೊತ್ತಿತ್ತು. ಹಬ್ಬದ ಮಾತು ಬಾಯಿಗೆ, ನಕ್ಷತ್ರದ ಮಾತು ಹೊಲಕ್ಕೆ.

ಹೊಂಗೆನೆರಳು · 10:24

ಅದನ್ನೇ ತಾನೆ ನಾನೂ ಹೇಳಿದ್ದು?

ನಿವೃತ್ತ_ಮೇಷ್ಟ್ರು · 10:26

ನೀವು ಜಗಳದ ಧಾಟಿಯಲ್ಲಿ ಹೇಳಿದಿರಿ.

ಗ್ರೋಬ್ಯಾಗ್_ರಾಣಿ (ವಿಜಯನಗರ, ಮೈಸೂರು) · 11:10

ತಾರಸಿಯವರೇ, ನಾನಂತೂ ಕಾಯುವವಳಲ್ಲ. ಮಣ್ಣು ತಣ್ಣಗಿದ್ದರೆ ಬೀಜವನ್ನು ಮಣ್ಣಿಗೆ ಯಾಕೆ ಹಾಕಬೇಕು? ಮನೆಯೊಳಗೇ ಮೊಳಕೆ ಬರಿಸಿ. ಹಾಗಲದ ಸಿಪ್ಪೆ ಗಟ್ಟಿ. ಉಗುರು ಕತ್ತರಿಯಿಂದ ಬೀಜದ ಚೂಪು ತುದಿಯನ್ನು ಸ್ವಲ್ಪವೇ ಚಿವುಟಿ, ರಾತ್ರಿ ಉಗುರುಬೆಚ್ಚನೆ ನೀರಲ್ಲಿ ನೆನೆಸಿ. ಬೆಳಿಗ್ಗೆ ಒದ್ದೆ ಹತ್ತಿ ಬಟ್ಟೆಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ಫ್ರಿಜ್ಜಿನ ತಲೆಯ ಮೇಲೆ ಇಡಿ. ಅಲ್ಲಿ ಸದಾ ಬೆಚ್ಚಗಿರುತ್ತದೆ. ಬಿಳಿ ಬೇರು ಕಾಣುತ್ತಿದ್ದಂತೆ ಚಿಕ್ಕ ಲೋಟಕ್ಕೆ ಹಾಕಿ, ಬೇರು ಕೆಳಮುಖವಾಗಿ. ಲೋಟ ಬಿಸಿಲು ಬರುವ ಕಿಟಕಿಯಲ್ಲಿ ಇರಲಿ. ತಾರಸಿಗೆ ಹೋಗುವಷ್ಟರಲ್ಲಿ ನಿಮ್ಮ ಶಿವರಾತ್ರಿ ಬಂದಿರುತ್ತದೆ.

ಬೆಂಡೆಗೆ ಮಾತ್ರ ಲೋಟ ಬೇಡ. ಅದರ ತಾಯಿಬೇರಿಗೆ ಜಾಗ ಬದಲಾಯಿಸುವುದು ಹಿಡಿಸಲ್ಲ. ನೇರ ಚೀಲಕ್ಕೇ ಹಾಕಿ, ಸ್ವಲ್ಪ ದಿನ ಬಿಟ್ಟು.

ಅಜ್ಜಿಯ_ಹಿತ್ತಲು (ಶ್ರೀರಂಗಪಟ್ಟಣ) · 11:48

ನಮ್ಮ ಕಾಲದಲ್ಲಿ ಕುಂಬಳ, ಸೋರೆ ಬೀಜವನ್ನು ಸಗಣಿಯಲ್ಲಿ ಅದ್ದಿ ಬಟ್ಟೆ ಕಟ್ಟಿ ಹುಲ್ಲಿನ ಮೆದೆಯೊಳಗೆ ತುರುಕಿ ಇಡುತ್ತಿದ್ದೆವು. ಒಳಗೆ ಕೈ ಹಾಕಿದರೆ ಬಿಸಿ ಬಿಸಿ. ಒಂದು ಸಲ ಮರೆತುಹೋಗಿ ಹಸುಗಳಿಗೆ ಹುಲ್ಲಿನ ಜೊತೆ ಗಂಟೂ ಹೋಯಿತು. ಈಗ ಮೆದೆಯೂ ಇಲ್ಲ ಹಸುವೂ ಇಲ್ಲ, ಫ್ರಿಜ್ಜೇ ಗತಿ.

ಗ್ರೋಬ್ಯಾಗ್_ರಾಣಿ · 11:52

ಗಂಟು ತಿಂದ ಹಸು ಏನಾಯಿತಮ್ಮ?

ಅಜ್ಜಿಯ_ಹಿತ್ತಲು · 12:05

ಏನೂ ಆಗಲಿಲ್ಲ. ಆ ವರ್ಷ ತಿಪ್ಪೆಯಲ್ಲಿ ಕುಂಬಳ ಚೆನ್ನಾಗಿ ಬಂತು.

ಪಾಂಡವಪುರ_ಬಯಲು · ಮಧ್ಯಾಹ್ನ 1:20

ನಿಮ್ಮ ಕಾತರ ನೋಡಿ ನಗು ಬರುತ್ತದೆ ಅಕ್ಕ, ಬೇಜಾರು ಮಾಡಿಕೊಳ್ಳಬೇಡಿ. ನಿಮಗೆ ಚಳಿ ಹೋಗಬೇಕು. ನಮಗೆ ಚಳಿ ಹೋದರೆ ಭಯ. ಬಿಸಿಲು ಏರಿದಷ್ಟೂ ನಾಲೆ ಕಡೆ ನೋಡಬೇಕು. ಬೇಸಿಗೆ ಬೆಳೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಡುತ್ತಾರೆ, ಇಷ್ಟು ದಿನ ನೀರು, ಇಷ್ಟು ದಿನ ಬಂದ್. ಕೆಆರ್‌ಎಸ್ ತುಂಬಿದರೆ 124.80 ಅಡಿ. ಬೆಳಿಗ್ಗೆ ಪೇಪರ್ ಬಂದರೆ ಮೊದಲು ನಾವು ನೋಡುವುದು ಆ ಮೂಲೆಯ ಅಂಕಿ, ಆಮೇಲೆ ಉಳಿದ ಸುದ್ದಿ.

ಮಾಗಿ ಇನ್ನೂ ಹದಿನೈದು ದಿನ ಜಾಸ್ತಿ ಇರಲಿ ಅಂತ ಬೇಡುವವರೂ ಇದ್ದೇವೆ ಅಂತ ಹೇಳಿದೆ ಅಷ್ಟೇ.

ಬೀಜ ಹಾಕಿ, ತೊಂದರೆ ಇಲ್ಲ. ನಮ್ಮಲ್ಲಿ ಸೌತೆ, ಕಲ್ಲಂಗಡಿ ಆಗಲೇ ಬಳ್ಳಿ ಹರಿದಿದೆ. ಬಯಲಲ್ಲಿ ಮಣ್ಣು ಬೇಗ ಕಾಯುತ್ತದೆ.

ತಾರಸಿತೋಟ · 2:05

ನೀವು ಹೇಳಿದ್ದು ಸರಿ. ತೊಟ್ಟಿ ಗಿಡದವರ ಅವಸರ ಬೇರೆ, ಹೊಲದವರ ಅವಸರ ಬೇರೆ. ಆದರೂ ನನಗೆ ಹೂ ಬೇಕು!

ಕೆರೆಏರಿ_ವಾಕಿಂಗ್ · 5:45

ಚಳಿ ಹೊರಟಿದೆ ಅನ್ನುವುದಕ್ಕೆ ಸಾಕ್ಷಿ ನನ್ನ ಹತ್ತಿರ ಇದೆ. ಇವತ್ತು ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಕೋಗಿಲೆ ಕೂಗಿತು. ಪೊದೆಯೊಳಗಿಂದ "ಹೂಪ್ ಹೂಪ್ ಹೂಪ್" ಅಂತ, ಗಂಭೀರವಾದ ದನಿ.

ಹಕ್ಕಿಪುಸ್ತಕ · 6:10

ಅದು ಕೋಗಿಲೆ ಅಲ್ಲ ಸಾರ್, ಕೆಂಬೂತ. ಪೊದೆಯೊಳಗೆ, ನೆಲದ ಹತ್ತಿರ, ತಗ್ಗಿದ ದನಿಯಲ್ಲಿ ಹೂಪ್ ಹೂಪ್ ಅಂದರೆ ಕೆಂಬೂತವೇ. ಕಪ್ಪು ಮೈ, ಕೆಂಗಂದು ರೆಕ್ಕೆ, ಉದ್ದ ಬಾಲ. ಕೋಗಿಲೆ ಮರದ ಮೇಲೆ ಕೂತು "ಕುಹೂ" ಅನ್ನುತ್ತದೆ, ಪ್ರತಿ ಕೂಗಿಗೂ ದನಿ ಏರಿಸುತ್ತ ಹೋಗುತ್ತದೆ. ಹಾಗೆ ಕೂಗುವುದು ಗಂಡು, ಕಪ್ಪು ಬಣ್ಣದ್ದು. ಹೆಣ್ಣು ಕಂದು ಮೈಗೆ ಬಿಳಿ ಚುಕ್ಕೆ, ಅದರದ್ದು ಬರೀ "ಕಿಕ್ ಕಿಕ್ ಕಿಕ್".

ಚಳಿಗಾಲದಲ್ಲೂ ಕೋಗಿಲೆ ಇಲ್ಲೇ ಇರುತ್ತದೆ. ಬಾಯಿ ಮುಚ್ಚಿಕೊಂಡಿರುತ್ತದೆ ಅಷ್ಟೇ. ಕಾಗೆ ಗೂಡು ಕಟ್ಟುವ ಕಾಲ ಹತ್ತಿರ ಬಂದಾಗ ಇದಕ್ಕೂ ದನಿ ಬರುತ್ತದೆ, ಮೊಟ್ಟೆ ಇಡಲು ಆ ಗೂಡೇ ತಾನೆ ಬೇಕು.

ಕೆರೆಏರಿ_ವಾಕಿಂಗ್ · 6:14

ನನ್ನ ಸಾಕ್ಷಿಯನ್ನೇ ಕೆಡಿಸಿದಿರಲ್ಲ. ಹೋಗಲಿ, ಮಾನಸಗಂಗೋತ್ರಿ ಕಡೆ ಗುಲಾಬಿ ಟಬೂಬಿಯಾ ಹೂ ಬಿಟ್ಟಿದೆ. ಅದಾದರೂ ಟಬೂಬಿಯಾ ಹೌದು ತಾನೆ?

ಹಕ್ಕಿಪುಸ್ತಕ · 6:15

ಅದು ಹೌದು.

ಹೊಂಗೆನೆರಳು · 6:40

ಶುರುವಾಯಿತು ಟಬೂಬಿಯಾ ಪುರಾಣ. ಇನ್ನು ವಾರ ಪೂರ್ತಿ ಎಲ್ಲರ ಸ್ಟೇಟಸ್ಸಿನಲ್ಲಿ ಅದೇ ಫೋಟೋ. ದಕ್ಷಿಣ ಅಮೆರಿಕದ ಕಡೆಯಿಂದ ಬಂದ ಮರ, ಕೆಲವು ದಿನ ಬಣ್ಣ ಚೆಲ್ಲಿ ಮುಗಿಸುತ್ತದೆ. ನಮ್ಮ ಹೊಂಗೆ ನೋಡಿ. ಈಗ ಎಲೆ ಉದುರಿಸುತ್ತಿದೆ. ಯುಗಾದಿ ಹೊತ್ತಿಗೆ ಮೈತುಂಬ ಹೊಳೆಯುವ ತಿಳಿಹಸಿರು, ಬೇಸಿಗೆ ಉರಿಯಲ್ಲಿ ತಣ್ಣಗಿನ ನೆರಳು, ಜೇನಿಗೆ ಹೂ, ದೀಪಕ್ಕೆ ಎಣ್ಣೆ, ಗದ್ದೆಗೆ ಸೊಪ್ಪು. ಬೇಳೆಕಾಳಿನ ಜಾತಿಯದಾದ್ದರಿಂದ ನೆಲಕ್ಕೆ ಸಾರಜನಕವನ್ನೂ ಕೊಡುತ್ತದೆ. ಅದರ ಫೋಟೋ ಯಾರೂ ಹಾಕಲ್ಲ.

ಗ್ರೋಬ್ಯಾಗ್_ರಾಣಿ · 6:52

ಹೊಂಗೆ ಎಲೆ ಗುಡಿಸಿ ಗುಡಿಸಿ ಸೊಂಟ ಹೋಗಿದೆ, ಫೋಟೋ ಬೇರೆ ಹಾಕಬೇಕಾ?

ನಿವೃತ್ತ_ಮೇಷ್ಟ್ರು · 7:15

ಗುಡಿಸಿದ್ದನ್ನು ಸುಡದೆ ಗೊಬ್ಬರದ ಡಬ್ಬಿಗೆ ಹಾಕಿ ತಾಯಿ.

ಹೊರಗಿನ ಮರ ಅಂತ ಬೈಯುವ ಮೊದಲು ಒಂದು ಮಾತು. 1908ರಲ್ಲಿ ಲಾಲ್‌ಬಾಗ್ ಕೆಲಸಕ್ಕೆ ಬಂದ ಜರ್ಮನಿಯ ಕ್ರುಂಬಿಗಲ್ ಬೆಂಗಳೂರಿನ ರಸ್ತೆಗಳಿಗೆ ಮರ ಆರಿಸುವಾಗ ಒಂದು ಲೆಕ್ಕ ಇಟ್ಟುಕೊಂಡಿದ್ದರು. ಒಂದು ಜಾತಿ ಹೂ ಮುಗಿಸುವಷ್ಟರಲ್ಲಿ ಇನ್ನೊಂದು ಜಾತಿ ಶುರು ಮಾಡಬೇಕು, ವರ್ಷವಿಡೀ ಊರಿನಲ್ಲಿ ಎಲ್ಲಾದರೂ ಹೂ ಇರಬೇಕು. ಅದರಲ್ಲಿ ಹೊರಗಿನ ಮರವೂ ಇತ್ತು, ನಮ್ಮದೂ ಇತ್ತು. ನಮ್ಮ ತಾರಸಿಯವರಿಗೆ ಬೇಕಾಗಿರುವುದೂ ಆ ಲೆಕ್ಕವೇ. ಮಲ್ಲಿಗೆ ಒಂದನ್ನೇ ನಂಬಿ ಕೂತರೆ ಫೆಬ್ರವರಿ ಉದ್ದ ಅನ್ನಿಸುತ್ತದೆ. ಚಳಿಗೇ ಹೂ ಬಿಡುವ ಕಾಕಡ ಒಂದು ಕುಂಡದಲ್ಲಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ.

ತಾರಸಿತೋಟ · 7:30

ಕಾಕಡ ಇದೆ ಮೇಷ್ಟ್ರೇ. ಹೂವೂ ಇದೆ. ಘಮ ಎಲ್ಲಿದೆ? ಮಲ್ಲಿಗೆ ಮುಡಿದ ಜಾಗಕ್ಕೆ ಕಾಕಡ ಮುಡಿದರೆ ಮನಸ್ಸು ಒಪ್ಪಲ್ಲ.

ಓಹಾಯೊ_ಹೈದ · ಫೆಬ್ರವರಿ 4, ಬೆಳಿಗ್ಗೆ 6:20

ಮದ್ದೂರಿನವನು, ಈಗ ಇರುವುದು ಅಮೆರಿಕದ ಓಹಾಯೊದಲ್ಲಿ. ನಿಮ್ಮ ಚರ್ಚೆ ಓದಿ ಹೊಟ್ಟೆ ಉರಿಯಿತು. ಬೆಳಿಗ್ಗೆ ಸ್ವೆಟರ್ ಅಂತೆ! ಇಲ್ಲಿ ಹಿತ್ತಲ ಪಾತಿಯ ಮೇಲೆ ಹಿಮ ಕೂತಿದೆ. ಮಣ್ಣು ಹೆಪ್ಪುಗಟ್ಟಿದೆ, ಸಲಿಕೆ ಇಳಿಯಲ್ಲ. ಟೊಮೆಟೊ, ಬದನೆ, ಮೆಣಸಿನ ಬೀಜವನ್ನು ಮನೆಯೊಳಗೆ ದೀಪದ ಕೆಳಗೆ ಹಾಕಿ, ಆರೆಂಟು ವಾರ ಸಾಕಿ, ಮೇ ತಿಂಗಳಲ್ಲಿ ಕೊನೆಯ ಹಿಮಪಾತದ ಭಯ ಹೋದ ಮೇಲೆ ಹೊರಗೆ ನೆಡಬೇಕು. ಅಷ್ಟರಲ್ಲಿ ಬೀಜದ ಕಂಪನಿಯ ಕ್ಯಾಟಲಾಗ್ ಓದಿ ಓದಿ ಕಾಲ ಕಳೆಯುವುದು. ಬೇಕಾದ್ದಕ್ಕಿಂತ ಜಾಸ್ತಿ ಬೀಜ ತರಿಸುವುದು ಇಲ್ಲಿನ ಎಲ್ಲರ ಚಟ.

ಇವರಿಗೂ ಒಂದು ಶಕುನ ಇದೆ. ಫೆಬ್ರವರಿ 2ಕ್ಕೆ ಪೆನ್ಸಿಲ್ವೇನಿಯಾದ ಒಂದು ಊರಲ್ಲಿ ಬಿಲದಿಂದ ಗ್ರೌಂಡ್‌ಹಾಗ್ ಅನ್ನುವ ಪ್ರಾಣಿಯನ್ನು ಎತ್ತಿ ಹಿಡಿಯುತ್ತಾರೆ. ಹೆಗ್ಗಣಕ್ಕಿಂತ ದಪ್ಪ, ಅಳಿಲಿನ ಜಾತಿ. ಅದು ತನ್ನ ನೆರಳು ನೋಡಿದರೆ ಚಳಿ ಇನ್ನೂ 6 ವಾರ, ನೋಡದಿದ್ದರೆ ವಸಂತ ಬೇಗ. 1880ರ ದಶಕದಿಂದ ಮಾಡಿಕೊಂಡು ಬಂದಿದ್ದಾರೆ. ಸೂಟು ಬೂಟು ಹಾಕಿಕೊಂಡ ದೊಡ್ಡ ಮನುಷ್ಯರೇ ಎತ್ತಿ ಹಿಡಿಯುವುದು, ಟಿವಿಯಲ್ಲೂ ಬರುತ್ತದೆ.

ಸುಮ್ನೆ_ಓದುವವ · 6:48

ನಮ್ಮ ಹಿತ್ತಲ ಹೆಗ್ಗಣ ನೆರಳನ್ನೂ ನೋಡಲ್ಲ ಬೆಳಕನ್ನೂ ನೋಡಲ್ಲ, ಗೆಣಸಿನ ಪಾತಿ ಮಾತ್ರ ನೋಡುತ್ತದೆ.

ಹೊಂಗೆನೆರಳು · 7:05

ಮೇಷ್ಟ್ರೇ, ಅವರ ಹೆಗ್ಗಣವೂ ನಮ್ಮ ಶಿವರಾತ್ರಿಯೂ ಒಂದೇ ಕೆಲಸ ಮಾಡುತ್ತಿವೆ ಅಂತ ನಾನು ಹೇಳಿದರೆ ನೀವು ಬೈಯುತ್ತೀರಿ.

ನಿವೃತ್ತ_ಮೇಷ್ಟ್ರು · 7:11

ಬೈಯುತ್ತೇನೆ.

ಓಹಾಯೊ_ಹೈದ · 7:30

ಒಂದು ನಿಜವಾದ ಪ್ರಶ್ನೆ. ಊರಿಂದ ಬಂದ ಸೊಗಡು ಅವರೆ ಬೀಜ ಹಾಕಿದ್ದೆ. ಬೇಸಿಗೆ ಪೂರ್ತಿ ಬಳ್ಳಿ ಬೇಲಿ ಹತ್ತಿ ಪಕ್ಕದವರ ಮನೆವರೆಗೂ ಹೋಯಿತು. ಹೂ ಮಾತ್ರ ಇಲ್ಲ. ಸೆಪ್ಟೆಂಬರ್‌ನಲ್ಲಿ ಹೂ ಬಂತು, ಕಾಯಿ ಕಟ್ಟುವಷ್ಟರಲ್ಲಿ ಹಿಮ ಬಿದ್ದು ಎಲ್ಲ ಕಪ್ಪಗಾಯಿತು. ಹಿತಕಿದ ಬೇಳೆ ಸಾರಿನ ಆಸೆ ಅಲ್ಲಿಗೇ ಹೋಯಿತು. ಗೊಬ್ಬರ ಕಮ್ಮಿ ಆಯಿತಾ?

ವಿಸಿಫಾರಂ_ಹತ್ತಿರದವ (ಮಂಡ್ಯ) · 8:25

ಗೊಬ್ಬರದ ಮಾತಲ್ಲ ಅಣ್ಣ, ರಾತ್ರಿಯ ಮಾತು. ನಾಟಿ ಅವರೆಗೆ ಹಗಲು ಕುಗ್ಗಿ ರಾತ್ರಿ ಉದ್ದ ಆದರೇ ಹೂ. ಅದಕ್ಕೇ ನಮ್ಮಲ್ಲಿ ಯಾವಾಗ ಬಿತ್ತಿದರೂ ಕಾಯಿ ಸಿಗುವುದು ಡಿಸೆಂಬರ್, ಜನವರಿಗೆ. ನಿಮ್ಮಲ್ಲಿ ಬೇಸಿಗೆಯ ಹಗಲು ನಮ್ಮದಕ್ಕಿಂತ ತುಂಬ ಉದ್ದ. ಬಳ್ಳಿ ಬೆಳೆಯುತ್ತಲೇ ಇರುತ್ತದೆ, ಹೂವಿಗೆ ಮನಸ್ಸೇ ಮಾಡುವುದಿಲ್ಲ. ಇದಕ್ಕೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ಅಂತ ತಳಿ ತಂದಿದ್ದಾರೆ. ಅದಕ್ಕೆ ಹಗಲು ರಾತ್ರಿಯ ಹಂಗಿಲ್ಲ. ಗಿಡ್ಡ ಗಿಡ, ವರ್ಷದ ಯಾವ ಕಾಲದಲ್ಲಿ ಹಾಕಿದರೂ ಹೂ ಬಿಡುತ್ತದೆ. ಸೊಗಡು ಮಾತ್ರ ನಾಟಿಯಷ್ಟು ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಸೇವಂತಿಗೆಗೂ ಇದೇ ಲೆಕ್ಕ. ರಾತ್ರಿ ಉದ್ದ ಆಗುತ್ತಿದ್ದಂತೆ ಮೊಗ್ಗು ಕಟ್ಟುತ್ತದೆ. ಈಗ ಹೂ ಮುಗಿದ ಗಿಡ ಇದ್ದರೆ ಕತ್ತರಿಸಿ, ಬುಡದಲ್ಲಿ ಎದ್ದಿರುವ ಮರಿ ಬಿಡಿಸಿ ಬೇರೆ ಕುಂಡಕ್ಕೆ ಹಾಕಿ. ತಾರಸಿ ಅಕ್ಕ, ನಿಮಗೆ ಕೈಗೆ ಕೆಲಸ ಬೇಕು ತಾನೆ? ಇದು ಈಗ ಮಾಡುವ ಕೆಲಸ.

ಓಹಾಯೊ_ಹೈದ · 8:40

ಅಯ್ಯೋ, ಇಷ್ಟು ವರ್ಷ ಗೊಬ್ಬರ ಸುರಿದಿದ್ದೆ. ಆ ಬೀಜ ಅಮ್ಮನ ಕೈಲಿ ಕಳಿಸಿಕೊಳ್ಳಲಾ?

ವಿಸಿಫಾರಂ_ಹತ್ತಿರದವ · 8:47

ಬಿತ್ತನೆ ಬೀಜಕ್ಕೆ ಅಲ್ಲಿ ಕಾಗದಪತ್ರ ಕೇಳುತ್ತಾರೆ. ಮೊದಲು ವಿಚಾರಿಸಿ. ಅಮ್ಮನನ್ನು ಏರ್‌ಪೋರ್ಟಿನಲ್ಲಿ ನಿಲ್ಲಿಸಿಕೊಂಡಾರು.

ಮಾವಿನಮರದ_ಮನೆ (ಜಯಲಕ್ಷ್ಮೀಪುರಂ) · 10:30

ವಿಷಯ ಬದಲಾಯಿಸುತ್ತಿದ್ದೇನೆ, ಕ್ಷಮಿಸಿ. ನಮ್ಮ ಬಾದಾಮಿ ಮಾವಿನ ಮರ ಹೋದ ವರ್ಷ ಸುಮ್ಮನಿತ್ತು. ಈ ವರ್ಷ ಎಲೆ ಕಾಣದಷ್ಟು ಹೂ. ಮರದ ಕೆಳಗೆ ಅಂಟಂಟು, ಕಾರಿನ ಮೇಲೂ ಅಂಟು. ಹೂ ಉದುರುತ್ತಿದೆ ಅಂತ ನಮ್ಮವರು ದಿನಾ ಪೈಪ್ ಹಿಡಿದು ನೀರು ಬಿಡುತ್ತಿದ್ದಾರೆ. ಸರಿಯಾ?

ಪಾಂಡವಪುರ_ಬಯಲು · 10:52

ಪೈಪ್ ಕಿತ್ತುಕೊಳ್ಳಿ. ಮಾವು ಹೂವಿನಲ್ಲಿರುವಾಗ ನೀರು ಬೇಡ. ಒಣ ನೆಲ, ರಾತ್ರಿಯ ಚಳಿ, ಎರಡೂ ಸೇರಿದ್ದಕ್ಕೇ ಅದು ಹೂ ಬಿಟ್ಟಿರುವುದು. ನೀರು ಕಂಡರೆ ಎಲೆ ಚಿಗುರಿಸಲು ಹೊರಡುತ್ತದೆ. ಕಾಯಿ ಬಟಾಣಿ ಗಾತ್ರ ಆದ ಮೇಲೆ ಕೊಡಿ, ಆಗ ಬೇಕು.

ಅಂಟು ಜಿಗಿಹುಳುವಿನದು. ಹೂಗೊಂಚಲು ಅಲ್ಲಾಡಿಸಿ ನೋಡಿ, ಟಪಟಪ ಅಂತ ಹಾರುತ್ತವೆ. ಗೊಂಚಲ ಮೇಲೆ ಬಿಳಿ ಬೂದಿ ಥರ ಇದ್ದರೆ ಅದು ಬೂದಿ ರೋಗ, ಬೇರೆಯದು. ಹೂ ಪೂರ್ತಿ ಅರಳಿರುವಾಗ ಔಷಧಿ ಹೊಡೆಯಬೇಡಿ, ನೊಣ ಜೇನು ಓಡಾಡದಿದ್ದರೆ ಕಾಯಿ ಎಲ್ಲಿಂದ ಬರಬೇಕು. ಇನ್ನು ಹೂ ಉದುರುವುದು ಅದರ ಗುಣ. ನೂರು ಹೂವಿಗೆ ಒಂದು ಹಣ್ಣು ಉಳಿದರೂ ಕೊಂಬೆ ಮುರಿಯುತ್ತದೆ.

ಬಾದಾಮಿ ಒಂದು ವರ್ಷ ಬಿಟ್ಟು ಒಂದು ವರ್ಷ ಹಿಡಿಯುವ ಜಾತಿ. ಮುಂದಿನ ವರ್ಷ ಸುಮ್ಮನಿದ್ದರೆ ಗಾಬರಿ ಆಗಬೇಡಿ.

ಮಾವಿನಮರದ_ಮನೆ · 11:00

ಪೈಪ್ ಒಳಗಿಟ್ಟೆ. ಮನೆಯವರು ಮುಖ ಊದಿಸಿಕೊಂಡಿದ್ದಾರೆ.

ಅಜ್ಜಿಯ_ಹಿತ್ತಲು · 11:40

ಶಕುನ ಶಕುನ ಅಂತ ಆಡಿಕೊಂಡಿರಲ್ಲ, ನಮ್ಮ ಕಡೆ ಹಕ್ಕಿಯೇ ಶಕುನ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಈಗ ಹೋಗಿ ನೋಡಿ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಊರ ನಡುವಿನ ಮರಗಳಲ್ಲೇ ಗೂಡು ಕಟ್ಟಿವೆ. ಬಾಣಂತನಕ್ಕೆ ತವರಿಗೆ ಬಂದ ಮಗಳು ಅಂತ ಅವುಗಳನ್ನು ಊರವರು ನೋಡಿಕೊಳ್ಳುತ್ತಾರೆ. ಓಹಾಯೊ ಮಗ, ನಿನ್ನ ತಾಲ್ಲೂಕೇ ಅಲ್ವಾ?

ಓಹಾಯೊ_ಹೈದ · 7:50

ಹೌದಜ್ಜಿ. ಚಿಕ್ಕವನಿದ್ದಾಗ ಅತ್ತೆ ಮನೆಗೆ ಹೋದಾಗೆಲ್ಲ ನೋಡಿದ್ದೇನೆ. ಹಿಕ್ಕೆಯ ವಾಸನೆ ಇವತ್ತಿಗೂ ಮೂಗಲ್ಲಿದೆ. ಆ ಹಿಕ್ಕೆಯನ್ನೇ ಗೊಬ್ಬರಕ್ಕೆ ಹಾಕುತ್ತಿದ್ದರು.

ತಾರಸಿತೋಟ · ಫೆಬ್ರವರಿ 8, ಬೆಳಿಗ್ಗೆ 8:10

ವರದಿ ಕೊಡುತ್ತಿದ್ದೇನೆ. ಹಾಗಲ, ಹೀರೆ ಎರಡೂ ಫ್ರಿಜ್ಜಿನ ಮೇಲೆ ಬೇರು ಬಿಟ್ಟು ಲೋಟಕ್ಕೆ ಹೋದವು. ಅಡುಗೆಮನೆ ಕಿಟಕಿ ತುಂಬ ಲೋಟ, ಅತ್ತೆಗೆ ಕಾಫಿ ಕುಡಿಯಲು ಲೋಟ ಇಲ್ಲ. ಪಡವಲ ಇನ್ನೂ ಕದಲಿಲ್ಲ. ಸೇವಂತಿಗೆ ಮರಿ ಬಿಡಿಸಿ ಹಾಕಿದೆ. ಯೂರಿಯಾ ಕೊಡಲಿಲ್ಲ, ಮೇಷ್ಟ್ರ ಹೆದರಿಕೆಗೆ. ಬೇವಿನ ಹಿಂಡಿ, ಎರೆಗೊಬ್ಬರ ಹಾಕಿ ಮಣ್ಣು ಕೆದಕಿದೆ. ಮಲ್ಲಿಗೆ ಮಾತ್ರ ಹಾಗೇ ಇದೆ. ಮೊನ್ನೆ ಕಂಡ ಗಂಟು ಗಂಟಾಗಿಯೇ ಇದೆ.

ಇನ್ನೊಂದು ಸಮಸ್ಯೆ. ಮಧ್ಯಾಹ್ನದ ಬಿಸಿಲಿಗೆ ಕುಂಡ ಬೇಗ ಒಣಗುತ್ತಿದೆ. ಬೆಳಿಗ್ಗೆ ಹಾಕಿದ ನೀರು ಸಂಜೆಗೆ ಇಲ್ಲ. ದಾಸವಾಳದ ಚಿಗುರಿಗೆ ಬಿಳಿ ಹಿಟ್ಟಿನಂಥದ್ದೂ ಹತ್ತಿದೆ.

ಗ್ರೋಬ್ಯಾಗ್_ರಾಣಿ · 8:35

ಹಿಟ್ಟು ತಿಗಣೆ. ನೀವು ಕರೆಯುತ್ತಿದ್ದ ಬೇಸಿಗೆ ಬಂತು ನೋಡಿ, ಮೊದಲ ಅತಿಥಿ ಅದೇ. ಹತ್ತಿದ ತುದಿ ಚಿವುಟಿ ಕವರಿಗೆ ಹಾಕಿ ಬಿಸಾಡಿ. ಉಳಿದದ್ದಕ್ಕೆ ನೀರು ಜೋರಾಗಿ ಹೊಡೆದು, ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಎರಡು ಹನಿ ಸೋಪಿನ ದ್ರವ ಕಲಕಿ ಸಂಜೆ ಸಿಂಪಡಿಸಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಕುಂಡದಲ್ಲಿ ಇರುವೆ ಗೂಡು ಇದ್ದರೆ ಮೊದಲು ಅದನ್ನು ಓಡಿಸಿ, ತಿಗಣೆಯನ್ನು ಹೊತ್ತು ತಿರುಗುವುದೇ ಇರುವೆ.

ಪಾಂಡವಪುರ_ಬಯಲು · 9:05

ಕುಂಡ ಒಣಗುವುದಕ್ಕೆ ಹೊದಿಕೆ ಬೇಕು. ನಮ್ಮಲ್ಲಿ ಕಬ್ಬು ಕಡಿದಿದೆ, ತರಗು ರಾಶಿ ಬಿದ್ದಿದೆ. ಕೆಲವರು ಬೆಂಕಿ ಇಡುತ್ತಾರೆ, ನಾನು ಇಡಲ್ಲ. ಕುಂಡದ ಮಣ್ಣಿನ ಮೇಲೆ ನಾಲ್ಕು ಬೆರಳು ದಪ್ಪ ಹಾಸಿ, ಬುಡಕ್ಕೆ ತಾಗದ ಹಾಗೆ. ನೀರು ಅರ್ಧ ಸಾಕು. ಮುಂದಿನ ವಾರ ಮೈಸೂರಿಗೆ ಬರುವುದಿದೆ, ಒಂದು ಚೀಲ ತರಲಾ? ಬದಲಿಗೆ ನಮ್ಮ ಮನೆಯವಳಿಗೆ ನಿಮ್ಮ ಮಲ್ಲಿಗೆ ಕಡ್ಡಿ ಬೇಕಂತೆ.

ತಾರಸಿತೋಟ · 9:12

ತನ್ನಿ ತನ್ನಿ! ಕಡ್ಡಿ ಎಷ್ಟು ಬೇಕಾದರೂ ಕೊಡುತ್ತೇನೆ.

ನಿವೃತ್ತ_ಮೇಷ್ಟ್ರು · 9:20

ಈಗ ಕಡ್ಡಿ ಕತ್ತರಿಸಿದರೆ ಚಿಗುರು ಎಲ್ಲಿಂದ ಬರಬೇಕಮ್ಮ? ಅವರೂ ಕಾಯಲಿ. ಮಲ್ಲಿಗೆ ಕಡ್ಡಿಗೆ ಮಳೆಗಾಲ ಒಳ್ಳೆಯದು, ಜೂನ್ ಜುಲೈನಲ್ಲಿ ನೆಟ್ಟದ್ದು ಚೆನ್ನಾಗಿ ಬೇರು ಹಿಡಿಯುತ್ತದೆ.

ಪಾಂಡವಪುರ_ಬಯಲು · 9:26

ಸರಿ ಮೇಷ್ಟ್ರೇ, ತರಗು ಈಗ, ಕಡ್ಡಿ ಜೂನ್‌ಗೆ. ಈರನಗೆರೆ ಬದನೆ ಬೀಜ ಯಾರ ಹತ್ತಿರವಾದರೂ ಇದ್ದರೆ ಅದನ್ನಾದರೂ ಈಗ ಕೊಡಿ.

ಗ್ರೋಬ್ಯಾಗ್_ರಾಣಿ · 9:30

ನನ್ನ ಹತ್ತಿರ ಇದೆ. ಒಂದು ಹಣ್ಣನ್ನು ಗಿಡದಲ್ಲೇ ಹಳದಿ ಆಗುವವರೆಗೂ ಬಿಟ್ಟು ತೆಗೆದ ಬೀಜ. ತಾರಸಿ ಅವರ ಮನೆಗೇ ತಂದಿಡುತ್ತೇನೆ. ನನಗೂ ಅರ್ಧ ಚೀಲ ತರಗು ಬೇಕು.

ಕೆರೆಏರಿ_ವಾಕಿಂಗ್ · 9:41

ನನಗೂ ಒಂದು ಚೀಲ.

ಪಾಂಡವಪುರ_ಬಯಲು · 9:50

ನಾನು ಬರುವುದು ಬಸ್ಸಿನಲ್ಲಿ ಸಾರ್, ಲಾರಿಯಲ್ಲಲ್ಲ.

ಸುಮ್ನೆ_ಓದುವವ · 9:53

ತರಗಿಗೂ ಲಗೇಜ್ ಟಿಕೆಟ್ ತಗೊಳ್ತಾರಾ?

ಪಾಂಡವಪುರ_ಬಯಲು · 9:58

ಚೀಲ ಒತ್ತಿ ಕಟ್ಟಿದರೆ ತಗೊಳ್ಳಲ್ಲ. ಕಂಡಕ್ಟರ್ ನಮ್ಮೂರಿನವನಾದರೆ ಎರಡು ಚೀಲ.